ಮಡ್ಡಿ ಮ್ಯಾಲಿನ ಎರಡು ಫರ್ಲಾಂಗು

ದುಂಡಪ್ಪ ಸಾವಕಾರನ ಬಾಯಿ ದೊಡ್ಡದು. ಗೋಕಾಕದಾಗ ಇದು ಎಲ್ಲಾರಿಗೂ ಗೊತ್ತಿದ್ದ ಮಾತು. ಆದ್ರೂ ಮೊದಲ ಹೇಳಿಬಿಡಬೇಕು, ಯಾಕಂದ್ರ ಮುಂದ ಆದದ್ದೆಲ್ಲಾ ಆ ಬಾಯಿಂದನ ಹುಟ್ಟಿತು. ಆವಾಗ ನಮ್ಮದು ಮುಂಬೈ ಇಲಾಖೆ, ಕರ್ನಾಟಕ ಇನ್ನೂ ಒಂದಾಗಿರಲಿಲ್ಲ. ಲಡಾಯಿ ಮುಗದ ಮ್ಯಾಲ ಮಿಲಿಟರಿಯವರು ಪುಣೇದಾಗ ಹರಾಜು ಹಾಕಿದ ಎಂಟು ಸಿಲಿಂಡರಿನ ಕಾರೊಂದನ್ನ ದುಂಡಪ್ಪ ಹಿಡಕೊಂಡು ಬಂದಿದ್ದ. ಹತ್ತಿ ಪೇಟಿಗೆ ಹೋಗಾಕ ಅದೇನು ಬೇಕಾಗಿರಲಿಲ್ಲ, ಪೇಟಿ ಇದ್ದದ್ದು ಮನಿಯಿಂದ ಕೂಗಳತಿ ದೂರದಾಗ. ಮಂದಿ ತಿರುಗಿ ನೋಡಬೇಕು, ಅಷ್ಟ.

ಆ ಕಾರು ಹೊಡಿಯಾಂವ ಅಂಕಲಗಿ ಹೊಳೆಪ್ಪ. ಅವನ ಕೈಯಾಗ ಕ್ಲೀನರ್ ಆಗಿ ಸೇರಿ ಇಂಜಿನ್ ಕೆಲಸಾ ಪೂರಾ ಕಲತಾಂವ ಮಸಗುಪ್ಪಿ ಕೇದಾರಿ. ಇದು ಕೇದಾರಿ ಕತಿ. ಕೇದಾರಿಗೆ ಸ್ಪ್ಯಾನರ್ ಯಾವ ಕಡೆ ತಿರವಬೇಕು ಅನ್ನೂದರಿಂದ ಹಿಡದು, ಇಂಜಿನ್ನಿನ ಸಪ್ಪಳ ಕೇಳಿ ಯಾವ ಪ್ಲಗ್ ಸತ್ತೈತಿ ಅಂತ ಹೇಳೂದರ ತನಕ ಎಲ್ಲಾ ಹೊಳೆಪ್ಪನ ಕಲಿಸಿದ್ದ. ಹೊಳೆಪ್ಪನ ಹೇಣ್ತಿ ರಾಯವ್ವ ಏಳು ವರ್ಷ ಅವಗ ರೊಟ್ಟಿ ಬಡದು ಹಾಕಿದ್ಲು. ಕೇದಾರಿ ಅವರಿಬ್ಬರಿಗೂ ಕಾಕಾ, ಕಾಕೂ ಅಂತಿದ್ದ. ಬರೇ ಬಾಯಿ ಮಾತಿಗೆ ಅಂತಿದ್ದಿಲ್ಲ, ಹಂಗ ಇದ್ದ.

ಒಂದು ಲಗ್ನದ ಪಂಗತಿಯಾಗ ದುಂಡಪ್ಪ ಕುಂತು, ತನ್ನ ಕಾರು ನಿಂತ ಜಾಗಾದಿಂದ ಬಿಟ್ರ ಎರಡು ಫರ್ಲಾಂಗು, ಅಂದ್ರ ಕಾಲು ಮೈಲು ದಾರಿ ಇಪ್ಪತ್ತೊಂದು ಸೆಕೆಂಡಿನ್ಯಾಗ ಮುಗಸತೈತಿ ಅಂತ ಹೇಳಿಬಿಟ್ಟ. ಎದರಿಗೆ ಕುಂತಾಂವ ಹುಕ್ಕೇರಿಯ ಭೀಮರಾಯ ದೇಸಾಯಿ. ಅಂವ ಹೋಳಿಗಿ ಮುರಕೋತ, ಹೇಳೂದಲ್ಲ ಸಾವಕಾರ್ರ, ನಮ್ಮ ಮಡ್ಡಿ ಮ್ಯಾಲ ಬಂದು ತೋರಸ್ರಿ ಅಂದ. ಸೋತಾಂವ ತನ್ನ ತಲಿ ಮ್ಯಾಲಿನ ರುಮಾಲು ಬಿಚ್ಚಿ ಗೆದ್ದಾಂವನ ಕೈಯಾಗ ಕೊಡಬೇಕು ಅಂತ ಪೈಜು ಕಟ್ಟಿದ್ರು. ನಮ್ಮ ಕಡೆ ಎತ್ತಿನ ಗಾಡಿನೂ ಗಡಿಯಾರ ಹಿಡದ ಓಡಸತಾರ, ಅದಕ್ಕ ಕಾರಿಗೆ ಗಡಿಯಾರ ಹಿಡಿಯೂದು ಯಾರಿಗೂ ವಿಚಿತ್ರ ಅನಸಲಿಲ್ಲ. ಮೂಡಲಗಿ ಸಾಲಿಯ ಡ್ರಿಲ್ ಮಾಸ್ತರ ಉದ್ದಪ್ಪನ ಹಂತ್ಯಾಕ ಒಂದು ಸ್ಟಾಪ್ ವಾಚ್ ಇತ್ತು. ಅವನೂ ಅವನ ವಾಚೂ ಯಾರ ಪಕ್ಷಾನೂ ಅಲ್ಲ ಅಂತ ಎರಡೂ ಕಡೆಯವರು ಒಪ್ಪಿದ್ರು.

ದುಂಡಪ್ಪ ಬಡಾಯಿ ಕೊಚ್ಚಿದ್ದು ಖರೆ, ಆದ್ರ ಸುಳ್ಳು ಹೇಳಿರಲಿಲ್ಲ. ಮಾಘ ಮಾಸದಾಗ ಧುಪದಾಳದ ಒಡ್ಡಿನ ಬಾಜೂ ರಸ್ತಾದಾಗ ಮೂರು ಮುಂಜಾನಿ ಕಾರು ಓಡಿಸಿ ನೋಡಿದ್ರು. ಹೊಳಿ ಮ್ಯಾಲಿನ ಮಂಜು ಇನ್ನೂ ಹರಿದಿರತಿರಲಿಲ್ಲ, ಬಾಯಿ ತಗದ್ರ ಹೊಗಿ ಬರೂವಂಥಾ ಥಂಡಿ. ಹೊಳೆಪ್ಪ ಕುಂತು ಹೊಡದ, ಕೇದಾರಿ ಫರ್ಲಾಂಗ್ ಕಲ್ಲಿನ ಹಂತ್ಯಾಕ ನಿಂತು ಬಾವುಟಾ ಬೀಸಿದ, ಉದ್ದಪ್ಪ ಮಾಸ್ತರ ವಾಚ್ ಒತ್ತಿದ. ಮೂರೂ ಸಲ ಇಪ್ಪತ್ತೊಂದು. ಕಾರು ಬಾಣ ಬಿಟ್ಟಂಗ ಹೋಗತಿತ್ತು.

ಪೈಜು ನಡದದ್ದು ಚೈತ್ರದಾಗ, ಹುಕ್ಕೇರಿ ಮ್ಯಾಲಿನ ಎತ್ತರದ ಮಡ್ಡಿಯಾಗ, ದೇಸಾಯಿಯವರ ಊಟಾ ಮುಗದು ಎಲಿ ಅಡಕಿ ಆದ ಮ್ಯಾಲ. ಬಿಸಲು ನೆತ್ತಿ ಸುಡತಿತ್ತು. ಹೊಳೆಪ್ಪ ಮೂರು ಸಲ ಓಡಿಸಿದ. ಮೂರೂ ಸಲ ಇಪ್ಪತ್ತೆರಡೂವರಿ. ದುಂಡಪ್ಪ ನೂರಾರು ಮಂದಿ ಮುಂದ ರುಮಾಲು ಬಿಚ್ಚಿ ಕೊಟ್ಟು, ಬೋಳ ತಲಿಲೇ ಗೋಕಾಕಕ್ಕ ಬಂದ.

ಬಂದಾಂವ ಸುಮ್ಮ ಕುಂಡ್ರಲಿಲ್ಲ. ಹೊಳೆಪ್ಪನ ತಾಯಿ ತವರು ಹುಕ್ಕೇರಿ ಕಡೆ. ಪೈಜಿನ ಮುಂಜಾನಿ ಅಂವ ದೇಸಾಯಿ ಅಂಗಳದಾಗ ಮಜ್ಜಿಗಿ ಕುಡದದ್ದನ್ನ ಯಾರೋ ನೋಡಿದ್ರು. ಇಷ್ಟ ಸಾಕಾತು. ಅಂವ ದೇಸಾಯಿಗೆ ತನ್ನನ್ನ ಮಾರಿಕೊಂಡಾನ, ಪೆಟ್ರೋಲ್ ಪಾವಟಿ ಮ್ಯಾಲಿನ ಕಾಲು ಬೇಕಂತ ಸಡಲ ಬಿಟ್ಟಾನ ಅಂತ ಸುದ್ದಿ ಎದ್ದಿತು. ಹೊಳೆಪ್ಪ ಇಲ್ಲ ಅಂದ. ಹಂಗಾರ ಬೀರದೇವರ ಗುಡಿಯಾಗ ಇತ್ಯರ್ಥ ಆಗಲಿ ಅಂದ್ರು ಹಿರ್ಯಾರು. ನಮ್ಮ ಮಂದಿಗೆ ಕೋರ್ಟಿನ ಪುಸ್ತಕಕ್ಕಿಂತ ಭಂಡಾರದ ಅಂಜಿಕಿ ಹೆಚ್ಚು. ಅದು ಅರಿಷಿಣ ಪುಡಿನ, ಆದ್ರ ದೇವರ ಮುಂದಿನ ಆ ಪುಡಿ ಮುಟ್ಟಿ ಆಡಿದ ಮಾತು ಸುಳ್ಳಾಗೂದಿಲ್ಲ, ಸುಳ್ಳು ಹೇಳಿದಾಂವ ವರ್ಷ ಬದಕೂದಿಲ್ಲ ಅಂತ ತೊಟ್ಟಿಲ ಕೂಸಿಗೂ ಗೊತ್ತು.

ಹೊಳೆಪ್ಪ ಆಪಾದನಿ ಹೊತ್ತಾಂವ, ಅವನ ಆಣಿ ನಡಿಯೂದಿಲ್ಲ ಅಂದ್ರು. ಇಂಜಿನ್ ಬಿಚ್ಚಿ ಜೋಡಿಸಿದಾಂವ ಕೇದಾರಿ, ಅಂವ ಹೇಳಲಿ ಅಂದ್ರು. ಕೇದಾರಿ ಭಂಡಾರದಾಗ ಬಲಗೈ ಇಟ್ಟ. ಇಂಜಿನ್ ಸರಿ ಇತ್ತೇನು ಅಂತ ದುಂಡಪ್ಪ ಕೇಳಿದ. ಪ್ಲಗ್ಗು, ಪಾಯಿಂಟು, ಕಾರ್ಬೋರೇಟರು, ಪೆಟ್ರೋಲಿನ ನಳಿಗಿ, ಎಲ್ಲಾ ಮುಂಜಾನಿನ ತಾನ ನೋಡೇನಿ, ಕೂದಲೆಳಿ ಫರಕ್ ಇರಲಿಲ್ಲ ಅಂತ ಕೇದಾರಿ ಹೇಳಿದ. ಅದು ಖರೇನ ಇತ್ತು.

“ಹಂಗಾರ ಒಂದೂವರಿ ಸೆಕೆಂಡು ಎಲ್ಲಿ ಹೋತು?” ಅಂದ ದುಂಡಪ್ಪ.

ಗೊತ್ತಿಲ್ರಿ ಅಂದಿದ್ರ ಆಗತಿತ್ತು. ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನಾಕ ಏನು ಬ್ಯಾನಿ? ಆದ್ರ ಇಂಜಿನ್ ಕಲತ ಹುಡುಗರಿಗೆ ಗೊತ್ತಿಲ್ಲ ಅನ್ನೂದು ದೊಡ್ಡ ಕಷ್ಟ. ಇಂಜಿನ್ನಿನ್ಯಾಗ ತಪ್ಪಿಲ್ಲ ಅಂದ್ರ ಉಳಿದದ್ದು ಏನು, ಅದನ್ನ ಹೊಡದ ಮನಶ್ಯಾ, ಇಷ್ಟ ಅಲ್ಲೇನು?

“ಕಾಲಾಗ ಹೋಗಿರಬೇಕ್ರಿ,” ಅಂದ ಕೇದಾರಿ.

ಡ್ರೈವರ್ ಸೀಟಿನ ಆಶಾ ಆ ಮಾತಿನ್ಯಾಗ ಇತ್ತೇನು? ಇತ್ತು ಅಂದ್ರ ಕೇದಾರಿಗೆ ಸಿಟ್ಟು ಬರತಿತ್ತು. ಇರಲಿಲ್ಲ ಅಂದ್ರ ಕೇಳಾವರಿಗೆ ನಂಬಿಕಿ ಬರೂದಿಲ್ಲ. ಏನಾರ ಇರಲಿ, ಮುಂದಿನ ವಾರ ಆ ಸೀಟಿನ್ಯಾಗ ಕುಂತಾಂವ ಕೇದಾರಿ. ಅವತ್ತ ಗುಡಿಯಾಗ ಹೊಳೆಪ್ಪ ಕೇದಾರಿಯ ಮಾರಿ ನೋಡಿದ, ಆಮ್ಯಾಲ ತನ್ನ ಬಲಗಾಲು ನೋಡಕೊಂಡ, ಎದ್ದು ಹ್ವಾದ.

ಅಂಕಲಗಿಯಿಂದ ಮೂಡಲಗಿ ತನಕ ಒಬ್ಬ ಲಾರಿಯಾಂವನೂ, ಒಬ್ಬ ಸರ್ವೀಸ್ ಮೋಟಾರಿನಾಂವನೂ ಹೊಳೆಪ್ಪನ ಕೈಗೆ ಸ್ಟೇರಿಂಗ್ ಕೊಡಲಿಲ್ಲ. ಹೇಣ್ತಿನ್ನ ಕರಕೊಂಡು ಹುಕ್ಕೇರಿ ಮಡ್ಡಿಗೆ ಹ್ವಾದ. ಅಲ್ಲೇ ರಸ್ತಾದ ಖಡಿ ಒಡಿಯೂ ಕೆಲಸಾ ಹಿಡದು, ಕಲ್ಲಿನ ಖಣಿ ಬಾಜೂ ಒಂದು ಗುಡಸಲಾ ಹಾಕಿದ. ಸೋತ ಜಾಗಾದಾಗನ ಮನಿ ಮಾಡಿದ್ದಕ್ಕ ಮಂದಿ, ನೋಡ್ರಿ ದೇಸಾಯಿ ಸಾಕಾಕತ್ತಾನ ಅಂತ ಇನ್ನಷ್ಟು ಆಡಿಕೊಂಡ್ರು. ಸಾಕೂದು ಎಲ್ಲಿ ಬಂತು, ದೇಸಾಯಿಗೆ ಅವನ ಹೆಸರೂ ನೆನಪಿರಲಿಲ್ಲ. ಕೇದಾರಿ ಒಮ್ಮಿನೂ ಆ ಗುಡಸಲಾ ಕಡೆ ಹೋಗಲಿಲ್ಲ. ಹೋಗಿ ಏನಂತ ಹೇಳೂದು?

ಎರಡು ವರ್ಷ ಹ್ವಾದವು. ದೇಸಾಯಿ ದುಂಡಪ್ಪನ ರುಮಾಲು ತನ್ನ ಪಡಸಾಲಿ ಗೂಟಕ್ಕ ತೂಗ ಹಾಕಿ, ಬಂದ ಬೀಗರಿಗೆಲ್ಲಾ ತೋರಸತಿದ್ದ. ಆ ಸುದ್ದಿ ಬಂದಾಗೊಮ್ಮೆ ದುಂಡಪ್ಪಗ ಉಂಡ ಅನ್ನ ಮೈಗೆ ಹತ್ತತಿರಲಿಲ್ಲ. ಕಡೀಕ ಮತ್ತೊಂದು ಪೈಜಿಗೆ ಹೇಳಿ ಕಳಿಸಿದ. ಮಾಘದ ಥಂಡಿಯಾಗ ಧುಪದಾಳದ ಅದ ರಸ್ತಾದಾಗ ಕೇದಾರಿ ಓಡಿಸಿ ನೋಡಿದ, ಇಪ್ಪತ್ತೊಂದು ಬಂತು. ನೋಡು, ಕಾಲು ನೆಟ್ಟಗಿದ್ರ ಹೆಂಗ ಬರತೈತಿ ಅಂತ ದುಂಡಪ್ಪ ಬೆನ್ನು ಚಪ್ಪರಿಸಿದ. ಕೇದಾರಿಗೂ ಒಳಗ ಸಮಾಧಾನ ಆತು. ತಾ ಗುಡಿಯಾಗ ಆಡಿದ ಮಾತು ಸುಳ್ಳಲ್ಲ ಅಂತ ಅವಗ ಅವತ್ತ ಇನ್ನೊಮ್ಮೆ ಅನಸಿತು.

ಪೈಜಿನ ದಿನಾ ಮತ್ತ ಚೈತ್ರದ ನಡು ಮಧ್ಯಾಹ್ನನ ನಿಕ್ಕಿ ಆತು. ದೇಸಾಯಿ ಉಣ್ಣದ ಏಳಾಂವಲ್ಲ. ಮಡ್ಡಿ ಮ್ಯಾಲ ಒಂದು ಗಿಡ ಇಲ್ಲ, ನೆಲದಿಂದ ಝಳ ಎದ್ದು ದೂರದ ಫರ್ಲಾಂಗ್ ಕಲ್ಲು ನೀರಾಗ ಅಳ್ಳಾಡಿದಂಗ ಕಾಣತಿತ್ತು. ಕೇದಾರಿ ಕಾರಿನ ಬಾಜೂ ನಿಂತು ಬೆವರು ಒರಸಿಕೋತಿದ್ದಾಗ ಮಂದಿ ನಡುವಿಂದ ಹೊಳೆಪ್ಪ ಬಂದ. ತಲಿ, ಹುಬ್ಬು ಎಲ್ಲಾ ಕಲ್ಲಿನ ಧೂಳು. ಒಣಗಿ ಅರ್ಧ ಆಗಿದ್ದ. ಬಂದಾಂವ ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟ, ಬಿಸಿಗೆ ಚುರ್ ಅಂದಿರಬೇಕು, ಆದ್ರೂ ತಗೀಲಿಲ್ಲ.

ಒಡ್ಡಿನ ಬಾಜೂ ಎಷ್ಟು ಬಂತು ಅಂತ ಕೇಳಿದ. ಇಪ್ಪತ್ತೊಂದು ಅಂತ ಕೇದಾರಿ ನೆಲಾ ನೋಡಿ ಹೇಳಿದ. ಹಂಗಾರ ಇಲ್ಲೂ ಬರತೈತಿ, ಚಂದಾಗಿ ಹೊಡಿ ತಮ್ಮಾ ಅಂದು ಹೊಳೆಪ್ಪ ಮುಗಿಯೂ ಕಲ್ಲಿನ ಕಡೆ ನಡದು ಹ್ವಾದ. ಮಾತಿನ್ಯಾಗ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ರ ಕೇದಾರಿಗೆ ಹಗುರ ಆಗತಿತ್ತು.

ಬಾವುಟಾ ಬಿತ್ತು. ಕೇದಾರಿ ಬಿಟ್ಟ. ಮೊದಲನೇ ಗೇರಿನ್ಯಾಗನ ಅವಗ ಗೊತ್ತಾತು, ಕಾರು ಎಳ್ಯಾಕ ಒಲ್ಲದು. ಧುಪದಾಳದಾಗ ಬೆನ್ನು ಸೀಟಿಗೆ ಒತ್ತಿ ಹಿಡಿಯೂ ಆ ಜಗ್ಗು ಇಲ್ಲ. ಉಬ್ಬಸ ಬಂದ ಮುದುಕನಂಗ ಇಂಜಿನ್ ಕೆಮ್ಮಿತು, ಹಿಂದ ಕರೀ ಹೊಗಿ ಎದ್ದಿತು. ಅಂವ ಪಾವಟಿ ಹಲಗಿಗೆ ಹತ್ತೂ ತನಕ ತುಳದ, ಇನ್ನೂ ತುಳದ, ಅಂಗಾಲು ನೋಯೂ ತನಕ ತುಳದ. ಇಪ್ಪತ್ತೆರಡೂವರಿ. ಎರಡನೇದೂ ಅಷ್ಟ. ಮೂರನೇ ಸಲ ಇಂಜಿನ್ ಕಾದು ಇನ್ನೂ ಕಾಲು ಸೆಕೆಂಡು ಹೆಚ್ಚಾತು.

ಕೇದಾರಿ ಸೀಟಿನಿಂದ ಇಳಿಯದ ತನ್ನ ಬಲಗಾಲು ನೋಡಕೋತ ಕುಂತ. ಸೋತದ್ದಕ್ಕ ಅಲ್ಲ. ಕಾಲು ತನ್ನದು, ಅದು ಏನು ಮಾಡಿತು ಅನ್ನೂದು ತನಗ ಗೊತ್ತು, ಅದು ಪಾವಟಿಯಿಂದ ಎಳ್ಳಷ್ಟೂ ಎದ್ದಿರಲಿಲ್ಲ. ಎರಡು ವರ್ಷದ ಹಿಂದ ಇದ ಜಾಗಾದಾಗ, ಇದ ಬಿಸಲಾಗ, ಇದ ಇಪ್ಪತ್ತೆರಡೂವರಿ. ಹಂಗಾರ ಕಾಕಾನ ಕಾಲೂ ಎದ್ದಿರಲಿಲ್ಲ!

ದುಂಡಪ್ಪ ಎರಡನೇ ರುಮಾಲು ಬಿಚ್ಚಿ ಕೊಟ್ಟು ನೆಟ್ಟಗ ಕಾರಿನ ಹಂತ್ಯಾಕ ಬಂದ. ಇಂಜಿನ್ ಸರಿ ಐತೇನು ಅಂತ ಕೇಳಿದ. ಅದ ಪ್ರಶ್ನೆ. ಸರಿ ಐತಿ ಅಂದ್ರ ತಪ್ಪು ತನ್ನ ಕಾಲಿಂದು, ಸರಿ ಇಲ್ಲ ಅಂದ್ರ ಕೆಡಿಸಿದಾಂವ ಯಾರು? ಕೇದಾರಿ ಬಾನೆಟ್ಟಿನ ಕಡೆ ತಿರುಗಿದ. ಅಷ್ಟರಾಗ ದುಂಡಪ್ಪನ ಆಳೊಬ್ಬ, ಹೊಳೆಪ್ಪ ಬಂದು ಬಾನೆಟ್ಟಿನ ಮ್ಯಾಲ ಕೈ ಇಟ್ಟು ಮಂತ್ರಾ ಹಾಕಿದಂಗ ಏನೋ ಅನಕೋತ ನಿಂತಿದ್ದ, ನಾನ ಕಣ್ಣಾರೆ ನೋಡೇನ್ರಿ ಅಂದ.

“ಹೌದೇನು? ಮುಟ್ಟಿದ್ದನ?” ಅಂದ ದುಂಡಪ್ಪ.

“ಮುಟ್ಟಿದ್ದ್ರಿ,” ಅಂದ ಕೇದಾರಿ.

ಇದೂ ಖರೇನ. ಮುಟ್ಟಿದ್ದ. ಬಾನೆಟ್ ಮುಟ್ಟಿದ್ರ ಇಂಜಿನ್ನಿಗೆ ಏನೂ ಆಗೂದಿಲ್ಲ ಅನ್ನೂ ಇನ್ನೊಂದು ಮಾತು ಬಾಯಾಗ ಇತ್ತು, ಹೊರಗ ಬರಲಿಲ್ಲ. ಎಲ್ಲಾರ ಕಣ್ಣು ತನ್ನ ಮ್ಯಾಲಿಂದ ಸರಿದು ಆ ಧೂಳ ಹತ್ತಿದ ಮನಶ್ಯಾನ ಕಡೆ ಹೋದದ್ದು ಕೇದಾರಿಗೆ ಕಂಡಿತು, ಆ ಒಂದು ಗಳಿಗಿ ಅವಗ ಹಾಯ್ ಅನಿಸಿತು. ಥೂ, ಮನಶ್ಯಾ ಜಲಮಾ ಅಂದ್ರ ಇಷ್ಟ.

ಆಮ್ಯಾಲ ಧೈರ್ಯಾ ಮಾಡಿ, ನಾಳಿ ಹೊತ್ತು ಹುಟ್ಟೂಕಿಂತ ಮೊದಲ ಇದ ಜಾಗಾದಾಗ ಒಮ್ಮೆ ಓಡಸಾಕ ಕೊಡ್ರಿ ಸಾವಕಾರ್ರ, ತಪ್ಪು ಎಲ್ಲೈತಿ ಅಂತ ತೋರಸತೇನಿ ಅಂತ ಬೇಡಿಕೊಂಡ. ದುಂಡಪ್ಪ ಅವನ ಮಾರಿ ನೋಡಿ, ಆಗಲಿ, ಇವತ್ತ ಬೀಗರ ಮನ್ಯಾಗ ಉಳಿತೇನಿ ಅಂದ. ಉದ್ದಪ್ಪ ಮಾಸ್ತರನೂ ಉಳದ.

ಹುಕ್ಕೇರಿಯಾಗ ಸೈಕಲ್ಲು, ನೀರೆತ್ತೂ ಇಂಜಿನ್ನು ರಿಪೇರಿ ಮಾಡೂ ಯಲ್ಲಾರಿ ಅನ್ನಾಂವ ಇದ್ದ. ಲಡಾಯಿ ವ್ಯಾಳ್ಯಾದಾಗ ಬರ್ಮಾ ಗಡಿಯಾಗ ಮೂರು ವರ್ಷ ವಿಮಾನದ ಇಂಜಿನ್ ಬಿಚ್ಚಿ ಬಂದಾಂವ. ಊರಾಗ ಅವಗ ಇಷ್ಟೆಲ್ಲಾ ಬರತೈತಿ ಅಂತ ಗೊತ್ತಿತ್ತು, ಆದ್ರ ಕೇರಿಯಿಂದ ಬಂದಾಂವ ಅಂತ ದೊಡ್ಡವರ ಕಟ್ಟಿ ಮ್ಯಾಲ ಅವಗ ಕುಂಡ್ರಾಕ ಜಾಗಾ ಇರಲಿಲ್ಲ. ಸಂಜಿಕ ಕೇದಾರಿ ಕಾರು ಅವನ ಮುಂದ ತಂದು ನಿಲ್ಲಿಸಿ, ಎಲ್ಲಾ ಹೇಳಿದ.

ಯಲ್ಲಾರಿ ಒಂದು ಪ್ಲಗ್ ಬಿಚ್ಚಿ ತೋರಿಸಿದ. ಕಾಡಿಗಿ ಬಳದಂಗ ಕಪ್ಪಗಿತ್ತು. ಧುಪದಾಳದಾಗ ಯಾವ ಬಣ್ಣ ಇತ್ತು ಅಂತ ಕೇಳಿದ. ಬೆಲ್ಲದ ಬಣ್ಣ ಅಂದ ಕೇದಾರಿ. ಯಲ್ಲಾರಿ ನಕ್ಕ. ಅಂವ ಹೇಳಿದ್ದು ಇಷ್ಟ. ಇಂಜಿನ್ ಬರೇ ಪೆಟ್ರೋಲ್ ಕುಡದು ಬದಕೂದಿಲ್ಲ, ಉಸರೂ ಎಳಕೊಬೇಕು. ಥಂಡಿ ಗಾಳಿ ದಪ್ಪ, ಒಂದು ಉಸರಿನ್ಯಾಗ ಹೊಟ್ಟಿ ತುಂಬತೈತಿ. ಬಿಸಲಿಗೆ ಕಾದ ಗಾಳಿ ತೆಳ್ಳಗ ಆಗತೈತಿ, ಎಷ್ಟು ಎಳದ್ರೂ ಅರಿಹೊಟ್ಟಿ. ಪೆಟ್ರೋಲ್ ಮಾತ್ರ ಮೊದಲಿನಷ್ಟ ಬೀಳತೈತಿ, ಸುಡಾಕ ಗಾಳಿ ಸಾಲೂದಿಲ್ಲ, ಅದ ಈ ಕಾಡಿಗಿ. ಮತ್ತ ಹೊಳಿ ದಂಡಿಗಿಂತ ಮಡ್ಡಿ ಎತ್ತರ, ಎತ್ತರಕ್ಕ ಹೋದಂಗ ಗಾಳಿ ಇನ್ನೂ ತೆಳ್ಳಗ, ಅದು ಸ್ವಲ್ಪ, ಆದ್ರ ಐತಿ. ಬ್ಯಾಸಗಿ ಮಧ್ಯಾಹ್ನ ನಮ್ಮ ವಿಮಾನ ನೆಲಾ ಬಿಡಬೇಕಾದ್ರ ಮುಂಜಾನಿಗಿಂತ ಎಷ್ಟೋ ದೂರ ಹೆಚ್ಚಿಗಿ ಓಡತಿದ್ವು, ಅದನ್ನ ತಿಳೀದ ಭಾರ ಹೇರಿದಾವರು ಗಿಡಕ್ಕ ಬಡದು ಸತ್ತಾರ ಅಂದ.

ಕೇದಾರಿ ನೆಲದ ಮ್ಯಾಲ ಕುಂತುಬಿಟ್ಟ. ಪೀಡಾ ಹೋದಷ್ಟು ಸಂತೋಷ, ಅದರ ಹಿಂದನ ಎದಿ ಒಡಿಯೂವಂಥಾ ಅಂಜಿಕಿ. ಕಾಕಾಗ ತಾ ಏನು ಮಾಡಿಬಿಟ್ಟೆ! ಅಂವ ಅತ್ತ. ಯಲ್ಲಾರಿ ಅವನ ಅಳು ನಿಲ್ಲೂ ತನಕ ಬಿಟ್ಟು, ಗುಡಸಲಾ ಇಲ್ಲಿಂದ ಎರಡು ಮೈಲು, ಈಗ ಹೋಗಿ ಅವಗ ಹೇಳಿ ಬಾ ಅಂದ. ಬ್ಯಾಡ, ಮುಂಜಾನಿ ಒಂದು ಸ್ಕ್ರೂನೂ ಮುಟ್ಟದ ಕಾರು ಓಡಸತೇನಿ, ಇಪ್ಪತ್ತೊಂದು ಬರತೈತಿ, ಆ ಲೆಕ್ಕ ಕೈಯಾಗ ಹಿಡಕೊಂಡು ಹೋಗತೇನಿ ಅಂದ ಕೇದಾರಿ. ಬರಿಗೈಲೆ ಹೋಗಾಕ ಅವಗ ಮಾರಿ ಇರಲಿಲ್ಲ. ನಾಳಿ ಅಂದಾಂವನ ಮನಿ ಹಾಳು ಅಂತಾರ. ಇಲ್ಲಿ ಹಾಳಾದದ್ದು ಇನ್ನೊಬ್ಬನ ಮನಿ.

ಬೆಳ್ಳಿ ಚುಕ್ಕಿ ಇನ್ನೂ ಮುಳುಗಿರಲಿಲ್ಲ, ಮಡ್ಡಿ ಮ್ಯಾಲ ತಂಪು ಗಾಳಿ ಬೀಸತಿತ್ತು. ದುಂಡಪ್ಪ, ಅವನ ಇಬ್ಬರು ಆಳು, ಉದ್ದಪ್ಪ ಮಾಸ್ತರ, ಬೀಗರ ಕಡೆ ನಾಕೈದು ಮಂದಿ, ದೂರ ನಿಂತ ಯಲ್ಲಾರಿ. ಕೇದಾರಿ ಬಿಟ್ಟ. ಬೆನ್ನು ಸೀಟಿಗೆ ಒತ್ತಿ ಹಿಡೀತು. ಎರಡನೇ ಗೇರಿಗೆ ಬರೂದ್ರಾಗನ ಅವಗ ಗೊತ್ತಾತು. ಇಪ್ಪತ್ತೊಂದೂ ಕಾಲು ಅಂತ ಮಾಸ್ತರ ಕೂಗಿದ. ಉಳಿದ ಕಾಲು ಸೆಕೆಂಡು ಮಡ್ಡಿಯ ಎತ್ತರದ್ದು, ಯಲ್ಲಾರಿ ಹೇಳಿದಂಗ. ಕೇದಾರಿ ಕಾರಿನಿಂದ ಜಿಗದು ಓಡಿಕೋತ ಬಂದ, ನಕ್ಕೋತ, ಅಳಕೋತ, ನೋಡಿದ್ರಿಲ್ರಿ ಸಾವಕಾರ್ರ ನೋಡಿದ್ರಿಲ್ರಿ ಅನಕೋತ.

“ನೋಡಿದೆ,” ಅಂದ ದುಂಡಪ್ಪ. “ನಿನ್ನಿ ಸಂಜಿಮುಂದ ನಮ್ಮ ಹುಡುಗರು ಆ ಹೊಳೆಪ್ಪನ ಕೈಕಾಲು ಮುರದು ಬಂದ್ರು. ಇವತ್ತ ಕಾರು ಹೆಂಗ ಓಡಿತು ನೋಡು.”

ಕೇದಾರಿಗೆ ಮೊದಲ ಅರ್ಥ ಆಗಲಿಲ್ಲ. ಆಮ್ಯಾಲ ಆ ಇಬ್ಬರು ಆಳುಗಳ ಮಾರಿ ನೋಡಿದ, ಅವರು ಶಾಭಾಸ್ ಅನಸಿಕೊಳ್ಳಾಕ ನಿಂತಂಗ ನಿಂತಿದ್ರು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರು ಅಂತಾರಲ್ಲ, ಹಾಕಿ ಬಂದಿದ್ರು. ಕೆಟ್ಟದ್ದು ಅಂದ್ರ ಕೇದಾರಿ ಬೇಡಿ ಪಡದ ಈ ಓಟನ ಅವರ ಕೈಗೆ ಸಾಕ್ಷಿ ಆಗಿ ಬಿದ್ದಿತ್ತು. ಹೊಳೆಪ್ಪನ ಕೈ ದೂರ ಆತು, ಕಾರು ಸರಿ ಆತು. ಇನ್ನೇನು ಬೇಕು?

ಅಂವ ಒದರಿದ. ಗಾಳಿ ತೆಳ್ಳಗ ಆಗೂದು ಹೇಳಿದ, ಬಿಸಲು, ಮಡ್ಡಿ, ಕಪ್ಪು ಪ್ಲಗ್ಗು, ವಿಮಾನ, ಎಲ್ಲಾ ಕಲಸಿ ಹೇಳಿದ. ಕುಣಿಯಾಕ ಬಾರದಾಕಿ ನೆಲಾ ಡೊಂಕು ಅಂದ್ಲಂತ ಅಂತ ಬೀಗರ ಕಡೆಯಾಂವ ಒಬ್ಬ ನಕ್ಕ. ಯಲ್ಲಾರಿ ಮುಂದ ಬಂದು, ಹುಡುಗ ಹೇಳೂದು ಖರೆ ಐತ್ರಿ ಅಂದ. ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ. ಕಡೀಕ ಕೇದಾರಿ ದುಂಡಪ್ಪನ ಮುಂದ ನಿಂತು, ಎರಡು ವರ್ಷದ ಹಿಂದ ಗುಡಿಯಾಗ ತಾ ಆಡಿದ ಮಾತು ಸುಳ್ಳು ಅಂದ.

“ಭಂಡಾರ ಮುಟ್ಟಿ ಸುಳ್ಳು ಹೇಳಿದ್ಯಾ?” ದುಂಡಪ್ಪನ ದನಿ ಏರಲಿಲ್ಲ. “ಹಂಗಾರ ಬರಿಗೈಲೆ ಹೇಳೂದನ್ನ ನಾ ಯಾಕ ಕೇಳಬೇಕು?”

ಕೇದಾರಿ ಕಾರಿನ ಕೀಲಿಕೈ ಉದ್ದಪ್ಪ ಮಾಸ್ತರನ ಕೈಯಾಗ ಇಟ್ಟು ಖಣಿ ಕಡೆ ಓಡಿದ.

ಗುಡಸಲಾದಾಗ ಹೊಳೆಪ್ಪ ಚಾಪಿ ಮ್ಯಾಲ ಬಿದ್ದಿದ್ದ. ರಾಯವ್ವ ತಲಿ ತೊಡಿ ಮ್ಯಾಲ ಇಟಕೊಂಡು ಹಸಿ ಅರಿವಿಲೆ ಮಾರಿ ಒರಸಾಕತ್ತಿದ್ಲು. ಎರಡೂ ಕಾಲು ಬಾತು ತಿರುವಿ ಬಿದ್ದಿದ್ವು, ಉಸರು ಬಿಟ್ಟಾಗೊಮ್ಮೆ ಬಾಯಿಂದ ರಕ್ತದ ಬುರುಗು ಬರತಿತ್ತು, ಪಕ್ಕಡಿ ಎಲುವು ಮುರದು ಒಳಗ ಚುಚ್ಚಿರಬೇಕು. ಹಿಂದನ ಬಂದ ಯಲ್ಲಾರಿ ಅದನ್ನ ನೋಡಿ ಗಾಡಿ ತರಾಕ ಊರಿಗೆ ಓಡಿದ. ರಾಯವ್ವ ಕೇದಾರಿನ್ನ ನೋಡಿದ್ಲು, ಅರಿವಿ ಹಿಂಡಿ ಮತ್ತ ಒರಸಾಕ ಹತ್ತಿದ್ಲು.

ಹೊಳೆಪ್ಪ ಕಣ್ಣು ತಗದು, ಕಾರಿನ ಸಪ್ಪಳ ಕೇಳಿತು, ಎಷ್ಟಾತು ಅಂತ ಕೇಳಿದ. ಮೊದಲಿಗೆ ಅದನ್ನ ಕೇಳಿದ.

ಇಪ್ಪತ್ತೊಂದೂ ಕಾಲು, ಕಾಕಾ, ಇದ ಮಡ್ಡಿ ಮ್ಯಾಲ, ಥಂಡಿ ಹೊತ್ತಿನ್ಯಾಗ ಅಂತ ಕೇದಾರಿ ಹೇಳಿದ. ನಿನ್ನಿ ಮಧ್ಯಾಹ್ನ ನನ್ನ ಕಾಲು ಹಲಗಿಗೆ ಹತ್ತಿತ್ತು, ಆದ್ರೂ ಇಪ್ಪತ್ತೆರಡೂವರಿ ಬಂತು, ತಪ್ಪು ಕಾದ ಗಾಳಿದು, ನಿಂದಲ್ಲ, ನಿನ್ನ ಕಾಲಿಂದಲ್ಲ ಅಂದ.

ಹೊಳೆಪ್ಪ ತನ್ನ ಮುರದ ಕಾಲಿನ ಕಡೆ ಕಣ್ಣು ಹೊಳ್ಳಿಸಿದ.

“ಹಂಗಾರ ಅವತ್ತ ನಾ ಕಾಲು ತಗದಿರಲಿಲ್ಲ.”

ಇಲ್ಲ ಕಾಕಾ ಅಂದ ಕೇದಾರಿ. ಹೊಳೆಪ್ಪ ತಡದು ತಡದು ಹೇಳಿದ್ದನ್ನ ಕೇದಾರಿ ಸಾಯೂ ತನಕ ಮರೀಲಿಲ್ಲ. ನೀ ಭಂಡಾರ ಮುಟ್ಟಿ ಹೇಳಿದಿ, ಅದು ಸುಳ್ಳಾಗೂದಿಲ್ಲ. ನೀ ಸುಳ್ಳು ಹೇಳೂ ಹುಡುಗನೂ ಅಲ್ಲ. ಹಂಗಾರ ನನಗ ತಿಳೀದಂಗ ನನ್ನ ಕಾಲ ಅಂಜಿ ಎದ್ದಿರಬೇಕು ಅಂತ ತಿಳಕೊಂಡೆ. ಅದಕ್ಕ ಯಾರ ಕೂಡನೂ ಜಗಳಾ ಆಡಲಿಲ್ಲ. ಎರಡು ವರ್ಷ ದಿನಾ ಸಂಜಿಕ ಈ ಗ್ವಾಡಿಗೆ ಕಾಲು ಒತ್ತಿ ನೋಡತಿದ್ದೆ, ಏಳತೈತೇನು ಅಂತ. ನಿನ್ನಿ ನೋಡಾಕ ಬಂದದ್ದೂ ಅದಕ್ಕ. ನಿನಗ ಇಪ್ಪತ್ತೊಂದು ಬಂದಿದ್ರ ನನ್ನ ತಪ್ಪು ಖಾತ್ರಿ ಆಗತಿತ್ತು.

ಕೇದಾರಿ ಅವನ ಪಾದಕ್ಕ ತಲಿ ಹಚ್ಚಿದ. ಹೊಳೆಪ್ಪಗ ಅದರ ಕಡೆ ಲಕ್ಷ ಇರಲಿಲ್ಲ.

“ಇನ್ನೊಮ್ಮೆ ಹೇಳು,” ಅಂದ.

ಕೇದಾರಿ ಮೊದಲಿಂದ ಹೇಳಿದ, ಥಂಡಿ ಗಾಳಿ ದಪ್ಪ, ಬಿಸಿ ಗಾಳಿ ತೆಳ್ಳಗ, ಎತ್ತರಕ್ಕ ಇನ್ನೂ ತೆಳ್ಳಗ. ಹೊಳೆಪ್ಪನ ತುಟಿ ಅಳ್ಳಾಡಿತು, ನಕ್ಕನೋ ಏನೋ. ಮತ್ತ ಹೇಳು ಅನ್ನೂವಂಗ ಬೆರಳು ಎತ್ತಿದ. ಕೇದಾರಿ ಮೂರನೇ ಸಲ ಹೇಳಿದ. ಹೇಳಿ ಮುಗಸೂದ್ರಾಗ ರಾಯವ್ವ ಅರಿವಿ ಕೆಳಗಿಟ್ಟು ಗಂಡನ ಕಣ್ಣು ಮುಚ್ಚಿದ್ಲು. ಹೊರಗ ಗಾಡಿ ಬಂದು ನಿಂತ ಸಪ್ಪಳ ಆತು.

ಕೇದಾರಿ ಎದಿ ಎದಿ ಬಡಕೊಂಡು ಅತ್ತ. ಕಾಕೂ, ಊರೂರಿಗೆ ಹೋಗಿ ಹೇಳತೇನಿ, ಕಾಕಾನ ತಪ್ಪಿರಲಿಲ್ಲ ಅಂತ ಬೀದಿ ಬೀದಿ ಕೂಗಿ ಹೇಳತೇನಿ ಅಂದ. ರಾಯವ್ವ ಅಳಲಿಲ್ಲ. ಸೆರಗು ಬಿಗದು ಕಟಗೊಂಡು ಎದ್ದು ನಿಂತ್ಲು.

“ನನಗ ಅವತ್ತ ಗೊತ್ತಿತ್ತು,” ಅಂದ್ಲು. “ಇಪ್ಪತ್ತು ವರ್ಷ ಬಾಳೇವು ಮಾಡಿದಾಕಿ ನಾ. ಅಂವ ಎಂಥಾಂವ ಅಂತ ನನ್ನ ಯಾರೂ ಕೇಳಲಿಲ್ಲ. ನನ್ನ ಕೈಯಾಗಿನ ರೊಟ್ಟಿ ತಿಂದಿ, ನೀನೂ ಕೇಳಲಿಲ್ಲ.”

ಬಿಸಲು ಏರೂದ್ರಾಗ ಒಯ್ಯಬೇಕು, ಕಾಲ ಕಡೆ ಹಿಡಿ ಅಂತ ಹೇಳಿದ್ಲು. ಕೇದಾರಿ ಹಿಡದ.